ಕ್ಲೈಂಟ್ ಸೈಟಿಗೆ ಹೋಸ್ಟಿಂಗ್ ನಾವೇ ಕೊಡೋದು ಹೇಗೆ: ಚಿಕ್ಕಮಗಳೂರು, ಹಾಸನ ಕಡೆ ವೆಬ್ ಡಿಸೈನ್ ಮಾಡೋರಿಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಹಾಸನ ಈ ಕಡೆ ವೆಬ್‌ಸೈಟ್ ಮಾಡೋರಿಗೆ ಕೆಲಸ ಬರೋದು ಹೆಚ್ಚಾಗಿ ಹೋಂಸ್ಟೇ, ರೆಸಾರ್ಟ್, ಲಾಡ್ಜ್, ಕಾಫಿಪುಡಿ ಮಾರೋರು, ನರ್ಸಿಂಗ್ ಹೋಂ, ಪ್ರೈವೇಟ್ ಸ್ಕೂಲು ಇವರಿಂದ. ಡಿಸೈನ್ ಓಕೆ ಆಗಿ ಕೊನೇ ಕಂತು ಬಂತು ಅನ್ನುವಷ್ಟರಲ್ಲಿ ಎಲ್ಲರೂ ಕೇಳೋ ಮಾತು ಒಂದೇ, "ಸರ್ ಇನ್ಮುಂದೆ ನೀವೇ ನೋಡ್ಕೊಳ್ತೀರಲ್ವಾ, ವರ್ಷಕ್ಕೆ ಎಷ್ಟು ಕೊಡ್ಬೇಕು ಹೇಳಿ". ಹೋಸ್ಟಿಂಗ್ ರೀಸೆಲ್ ಮಾಡೋದು, ಅಂದ್ರೆ ಸೈಟ್ ಇಡೋ ಸರ್ವರ್ ಜಾಗ ಕಂಪನಿಯಿಂದ ತಗೊಂಡು ಕ್ಲೈಂಟಿಗೆ ಮಾರೋದು, ಶುರುವಾಗೋದೇ ಈ ಮಾತಿಂದ. ಅವರು ಕೇಳ್ತಿರೋದು ಇಷ್ಟು ಜಿಬಿ ಜಾಗ ಅಂತ ಅಲ್ಲ, ಸೈಟ್ ನಿಂತುಹೋದ್ರೆ ಫೋನ್ ಎತ್ತೋಕೆ ಒಬ್ಬರು ಬೇಕು ಅಂತ. ಅದಕ್ಕೆ ರೇಟು ಹಾಕೋದು, ಸರ್ವರ್ ಆರಿಸೋದು, ಡೊಮೇನ್ ಇಡೋದು ಎಲ್ಲಾನೂ ಈ ಒಂದು ವಿಷಯ ಮನಸ್ಸಲ್ಲಿಟ್ಕೊಂಡೇ ಮಾಡ್ಬೇಕು.

ಮೊದಲು ರೀಸೆಲರ್ ಪ್ಲಾನ್ ಅಂದ್ರೆ ಏನು ಅಂತ ನೋಡೋಣ. ಚಿಕ್ಕಮಗಳೂರಿನ ಐಜಿ ರೋಡಲ್ಲಿ ಒಂದು ಕಾಂಪ್ಲೆಕ್ಸಿನ ಇಡೀ ಮಹಡಿ ಲೀಸಿಗೆ ತಗೊಂಡು ಒಂದೊಂದು ಮಳಿಗೆ ಒಬ್ಬೊಬ್ಬರಿಗೆ ಬಾಡಿಗೆಗೆ ಕೊಟ್ಟ ಹಾಗೆ. ಹೋಸ್ಟಿಂಗ್ ಕಂಪನಿ ನಿಮಗೆ ಡಬ್ಲ್ಯೂಎಚ್‌ಎಂ ಅನ್ನೋ ಕಂಟ್ರೋಲ್ ಪ್ಯಾನೆಲ್ ಕೊಡತ್ತೆ, ಅದರೊಳಗೆ ನೀವು ಒಬ್ಬೊಬ್ಬ ಕ್ಲೈಂಟಿಗೂ ಬೇರೆ ಬೇರೆ ಸಿಪ್ಯಾನೆಲ್ ಅಕೌಂಟ್ (ಆ ಕ್ಲೈಂಟಿನ ಸೈಟ್ ನಡೆಸೋ ಪ್ಯಾನೆಲ್) ಮಾಡ್ತೀರ, ಇವರಿಗೆ ಇಷ್ಟು ಸ್ಪೇಸ್, ಇಷ್ಟು ಇಮೇಲ್ ಐಡಿ ಅಂತ ನೀವೇ ಫಿಕ್ಸ್ ಮಾಡ್ತೀರ. ಸರ್ವರ್ ಮೇಂಟೆನೆನ್ಸ್, ಹಾರ್ಡ್‌ವೇರ್, ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಎಲ್ಲ ಕಂಪನಿ ತಲೆನೋವು. 2019ರಲ್ಲಿ ಸಿಪ್ಯಾನೆಲ್‌ನವರು ಲೈಸೆನ್ಸ್ ರೇಟನ್ನ ಅಕೌಂಟ್ ಲೆಕ್ಕಕ್ಕೆ ಬದಲಾಯಿಸಿದ್ರು, ಆಮೇಲಿಂದ ರೀಸೆಲರ್ ಪ್ಲಾನ್‌ಗಳಲ್ಲಿ ಇಂತಿಷ್ಟೇ ಅಕೌಂಟ್ ಅನ್ನೋ ಮಿತಿ ಜಾಸ್ತಿ ಕಾಣತ್ತೆ, ಹಾಗಾಗಿ ಸ್ಪೇಸ್ ನೋಡೋಕಿಂತ ಮುಂಚೆ ಎಷ್ಟು ಅಕೌಂಟ್ ಅಂತ ನೋಡಿ. ಡೈರೆಕ್ಟ್‌ಅಡ್ಮಿನ್ ಅನ್ನೋ ಇನ್ನೊಂದು ಪ್ಯಾನೆಲ್ ಇರೋ ಪ್ಲಾನ್ ಸ್ವಲ್ಪ ಕಮ್ಮಿಗೆ ಸಿಗತ್ತೆ, ಅದೂ ಚೆನ್ನಾಗೇ ಕೆಲಸ ಮಾಡತ್ತೆ, ನೋಡೋಕೆ ಬೇರೆ ಥರ ಅಷ್ಟೆ.

ದುಡ್ಡು ಕಟ್ಟೋ ಮುಂಚೆ ಕಂಪನಿ ಹತ್ರ ಚಾಟಲ್ಲಿ ಕೆಲವು ಪ್ರಶ್ನೆ ಕೇಳಿ, ಉತ್ತರ ಸ್ಕ್ರೀನ್‌ಶಾಟ್ ತೆಗೆದಿಡಿ. ಸರ್ವರ್ ಎಲ್ಲಿದೆ ಅಂತ ಮೊದಲು ಕೇಳಿ. ನಮ್ಮ ಕ್ಲೈಂಟ್‌ಗಳ ಗಿರಾಕಿ ಬಹುತೇಕ ಬೆಂಗಳೂರು, ಮಂಗಳೂರು, ಚೆನ್ನೈ ಕಡೆಯವರು, ಅವರಿಗೆ ಮುಂಬೈ ಸರ್ವರ್ ಹತ್ರ, ಅಮೆರಿಕದ ಸರ್ವರ್‌ಗೆ ಡೇಟಾ ಒಂದ್ಸಲ ಹೋಗಿ ಬರೋಕೇ 200 ಮಿಲಿಸೆಕೆಂಡ್ ಮೇಲೆ ಹಿಡಿಯತ್ತೆ. ಮುಳ್ಳಯ್ಯನಗಿರಿ ದಾರೀಲಿ ಒಂದು ಕಡ್ಡಿ ಸಿಗ್ನಲ್ ಇಟ್ಕೊಂಡು ನಿಮ್ಮ ಹೋಂಸ್ಟೇ ಸೈಟಲ್ಲಿ ರೂಟ್ ಮ್ಯಾಪ್ ಹುಡುಕ್ತಿರೋ ಗೆಸ್ಟಿಗೆ ಆ ವ್ಯತ್ಯಾಸ ಚೆನ್ನಾಗೇ ಗೊತ್ತಾಗತ್ತೆ. ಆಮೇಲೆ ಕ್ಲೌಡ್‌ಲಿನಕ್ಸ್ (ಒಂದು ಅಕೌಂಟ್ ಇಡೀ ಸರ್ವರ್ ನುಂಗದ ಹಾಗೆ ಮಿತಿ ಹಾಕೋ ಸಿಸ್ಟಮ್) ಇದೆಯಾ, ಒಂದೊಂದು ಅಕೌಂಟಿಗೆ ರ‍್ಯಾಮ್, ಸಿಪಿಯು, ಎಂಟ್ರಿ ಪ್ರೊಸೆಸ್ (ಒಂದೇ ಹೊತ್ತಿಗೆ ಸೈಟಿಗೆ ಬರೋ ರಿಕ್ವೆಸ್ಟ್) ಎಷ್ಟು, ಐನೋಡ್ ಎಷ್ಟು ಅಂತ ಕೇಳಿ. ಐನೋಡ್ ಅಂದ್ರೆ ಹೆಚ್ಚುಕಮ್ಮಿ ಫೈಲ್‌ಗಳ ಸಂಖ್ಯೆ, "ಅನ್‌ಲಿಮಿಟೆಡ್ ಸ್ಪೇಸ್" ಅಂತ ದೊಡ್ಡದಾಗಿ ಬರೆದಿರೋ ಕಡೆ ಇದು ಕೆಳಗೆ ಸಣ್ಣ ಅಕ್ಷರದಲ್ಲಿರತ್ತೆ. ಹಾಸನದಲ್ಲಿ ಲಾಡ್ಜ್ ಇರೋ ಕ್ಲೈಂಟ್ ಇದ್ರೆ ಇದು ಬಹಳ ಮುಖ್ಯ, ಯಾಕಂದ್ರೆ ಹಾಸನಾಂಬ ದೇವಸ್ಥಾನ ಬಾಗಿಲು ತೆಗೆಯೋದು ವರ್ಷಕ್ಕೊಂದ್ಸಲ, ದೀಪಾವಳಿ ಆಸುಪಾಸಿನ ಕೆಲವೇ ದಿನ, ಆಗ ರೂಮ್ ಹುಡುಕೋರು ಒಟ್ಟಿಗೇ ನುಗ್ತಾರೆ, ಲಿಮಿಟ್ ಕಮ್ಮಿ ಇದ್ರೆ 508 ಅನ್ನೋ ನಂಬರಿನ ಜೊತೆ ರಿಸೋರ್ಸ್ ಲಿಮಿಟ್ ಮುಗೀತು ಅನ್ನೋ ಎರರ್ ಬರತ್ತೆ. ವರ್ಷವಿಡೀ ಚೆನ್ನಾಗಿದ್ದ ಸೈಟು ದುಡಿಯೋ ದಿನಾನೇ ಕೈಕೊಡತ್ತೆ.

ಇನ್ನೊಂದು, ಮೊದಲ ವರ್ಷದ ರೇಟ್ ನೋಡ್ಬೇಡಿ, ರಿನ್ಯೂವಲ್ ರೇಟ್ ಕೇಳಿ. ಮತ್ತೆ ಒಬ್ಬ ಕ್ಲೈಂಟಿನ ಅಕೌಂಟ್ ಹ್ಯಾಕ್ ಆಗಿ ಸ್ಪ್ಯಾಮ್ ಹೋದ್ರೆ ಆ ಒಂದು ಅಕೌಂಟ್ ನಿಲ್ಲಿಸ್ತೀರೋ, ನನ್ನ ಇಡೀ ರೀಸೆಲರ್ ನಿಲ್ಲಿಸ್ತೀರೋ ಅಂತ ನೇರವಾಗಿ ಕೇಳಿ. ಉತ್ತರ ತೇಲಿಸಿದ್ರೆ ಆ ಕಂಪನಿ ಬೇಡ. 99.9 ಪರ್ಸೆಂಟ್ ಅಪ್‌ಟೈಮ್ ಅಂದ್ರೂ ತಿಂಗಳಿಗೆ ಸುಮಾರು 43 ನಿಮಿಷ, ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಡೌನ್ ಆಗ್ಬಹುದು ಅಂತ ಅರ್ಥ, ಅದಕ್ಕೇ ನೀವು ಕ್ಲೈಂಟಿಗೆ ಯಾವತ್ತೂ ನೂರಕ್ಕೆ ನೂರು ಅಂತ ಮಾತು ಕೊಡ್ಬೇಡಿ.

ಪ್ಲಾನ್ ತಗೊಂಡ್ರಿ ಅನ್ಕೊಳ್ಳಿ. ಒಂದೇ ಸಿಪ್ಯಾನೆಲ್ ಒಳಗೆ ಆಡ್‌ಆನ್ ಡೊಮೇನ್ ಅಂತ ಹತ್ತು ಕ್ಲೈಂಟ್ ಸೈಟ್ ತುಂಬೋದು ಮಾತ್ರ ಬೇಡ್ವೇ ಬೇಡ, ಅಕೌಂಟ್ ಉಳಿಯತ್ತೆ ಅನ್ನೋ ಆಸೆಗೆ ಸುಮಾರು ಜನ ಹೀಗೆ ಮಾಡ್ತಾರೆ. ಅದರಲ್ಲಿ ಒಂದು ಸೈಟಿನ ಹಳೇ ಪ್ಲಗಿನ್ ಮೂಲಕ ಯಾರೋ ಒಳಗೆ ಬಂದ್ರೆ ಹತ್ತೂ ಸೈಟಿನ ಫೈಲ್ ಅವನ ಕೈಗೆ ಸಿಗತ್ತೆ. ಒಬ್ಬ ಕ್ಲೈಂಟಿಗೆ ಒಂದು ಅಕೌಂಟ್, ಇದರಲ್ಲಿ ರಾಜಿ ಇಲ್ಲ.

ನೇಮ್‌ಸರ್ವರ್ ವಿಷಯ, ಅಂದ್ರೆ ಒಂದು ಡೊಮೇನಿನ ಸೈಟ್ ಯಾವ ಸರ್ವರಲ್ಲಿದೆ ಅಂತ ಹೇಳೋ ಸರ್ವರ್. ನಿಮ್ಮದೇ ಡೊಮೇನ್ ಹೆಸರಲ್ಲಿ ಎನ್‌ಎಸ್1, ಎನ್‌ಎಸ್2 ಅಂತ ಪ್ರೈವೇಟ್ ನೇಮ್‌ಸರ್ವರ್ ಮಾಡ್ಕೋಬಹುದು, ರಿಜಿಸ್ಟ್ರಾರ್ (ಡೊಮೇನ್ ಮಾರೋ ಕಂಪನಿ) ಸೈಟಲ್ಲಿ ಚೈಲ್ಡ್ ನೇಮ್‌ಸರ್ವರ್ ಅಥವಾ ಗ್ಲೂ ರೆಕಾರ್ಡ್ ಅನ್ನೋ ಆಪ್ಷನ್ ಇರತ್ತೆ, ಅಲ್ಲಿ ಹೋಸ್ಟ್ ಕೊಟ್ಟ ಐಪಿ ಹಾಕೋದು. ಇದರ ಲಾಭ ಏನಂದ್ರೆ ನಾಳೆ ಕಂಪನಿ ಬದಲಾಯಿಸಿದ್ರೆ ಸೈಟ್‌ಗಳನ್ನೆಲ್ಲ ಹೊಸ ಸರ್ವರ್‌ಗೆ ಹಾಕಿ ಆ ಐಪಿ ಬದಲಾಯಿಸಿದ್ರೆ ಸಾಕು, ಒಬ್ಬೊಬ್ಬ ಕ್ಲೈಂಟಿನ ಡೊಮೇನ್ ಒಳಗೂ ಹೋಗಿ ಕೂರಬೇಕಾಗಿಲ್ಲ. ಆದ್ರೆ ನಿಮ್ಮ ಆ ಡೊಮೇನ್ ಎಕ್ಸ್‌ಪೈರ್ ಆದ್ರೆ ಎಲ್ಲರ ಸೈಟೂ ಒಟ್ಟಿಗೇ ಮಲಗತ್ತೆ. ಡೊಮೇನನ್ನ ಒಂದೇ ಸಲ 10 ವರ್ಷದ ತನಕ ರಿಜಿಸ್ಟರ್ ಮಾಡ್ಬಹುದು, ಕನಿಷ್ಠ ಐದು ವರ್ಷಕ್ಕಾದ್ರೂ ಕಟ್ಟಿಬಿಡಿ.

ಈಗ ಕ್ಲೈಂಟಿನ ಡೊಮೇನ್. ಈ ವ್ಯವಹಾರದಲ್ಲಿ ಊರಲ್ಲಿ ಹೆಸರು ಉಳಿಯೋದೂ ಕೆಡೋದೂ ಇಲ್ಲೇ. ಡೊಮೇನ್ ಕ್ಲೈಂಟಿನ ಹೆಸರಲ್ಲಿ, ಕ್ಲೈಂಟಿನ ಇಮೇಲಲ್ಲಿ, ಸಾಧ್ಯ ಆದ್ರೆ ಕ್ಲೈಂಟಿನದೇ ರಿಜಿಸ್ಟ್ರಾರ್ ಅಕೌಂಟಲ್ಲಿ ಇರ್ಬೇಕು. ಸೈಟ್ ಮಾಡಿದ ಹುಡುಗ ಬೆಂಗಳೂರಲ್ಲಿ ಕೆಲಸ ಸಿಕ್ತು ಅಂತ ಹೊರಟುಹೋಗಿ ನಂಬರ್ ಬದಲಾಗಿ, ಡೊಮೇನ್ ಅವನ ಹೆಸರಲ್ಲೇ ಉಳಿದು, ರಿಸೆಪ್ಷನ್ ಬೋರ್ಡು, ವಿಸಿಟಿಂಗ್ ಕಾರ್ಡು, ಗೂಗಲ್ ಮ್ಯಾಪ್ ಎಲ್ಲದರಲ್ಲೂ ಇರೋ ಹೆಸರನ್ನೇ ಕಳ್ಕೊಂಡ ಹೋಂಸ್ಟೇಯವರು ಈ ಜಿಲ್ಲೇಲಿ ಸಿಗ್ತಾನೇ ಇರ್ತಾರೆ. ಕ್ಲೈಂಟ್ ಬಿಟ್ಟುಹೋಗ್ಬಾರ್ದು ಅಂತ ಡೊಮೇನ್ ಕೈಲಿಟ್ಕೊಳ್ಳೋದು ಸರಿಯಲ್ಲ, ನಮ್ಮ ಕಡೆ ಒಬ್ಬ ಪ್ಲಾಂಟರಿಗೆ ಹಾಗಾದ್ರೆ ಸುತ್ತಮುತ್ತ ಎಸ್ಟೇಟಿಗೆಲ್ಲ ಗೊತ್ತಾಗೋಕೆ ಒಂದು ಮದುವೆ ಮನೆ ಸಾಕು.

ಕ್ಲೈಂಟಿನ ಇಮೇಲ್ ಕೊಟ್ಟು ರಿಜಿಸ್ಟರ್ ಮಾಡಿದ್ಮೇಲೆ ಪಕ್ಕದಲ್ಲೇ ಕೂತು ಆ ವೆರಿಫಿಕೇಶನ್ ಮೇಲ್ ಓಪನ್ ಮಾಡಿಸಿ ಕ್ಲಿಕ್ ಮಾಡಿಸಿ. ಡಾಟ್ ಕಾಮ್ ಥರದ ಡೊಮೇನ್‌ಗೆ 15 ದಿನದೊಳಗೆ ಇಮೇಲ್ ವೆರಿಫೈ ಆಗ್ದಿದ್ರೆ ರಿಜಿಸ್ಟ್ರಾರ್ ಡೊಮೇನನ್ನ ಹೋಲ್ಡ್ ಮಾಡ್ತಾರೆ, ಡೊಮೇನ್ ಹೆಸರುಗಳನ್ನ ನೋಡ್ಕೊಳ್ಳೋ ಜಾಗತಿಕ ಸಂಸ್ಥೆ ಐಕ್ಯಾನ್‌ನ ನಿಯಮ ಅದು. ಕಾಫಿ ಕೊಯ್ಲಿನ ಟೈಮಲ್ಲಿ ಎಸ್ಟೇಟ್ ಓನರ್ ಮೇಲ್ ನೋಡ್ತಾರಾ? ಹೊಸ ಸೈಟ್ ಲಾಂಚ್ ಆಗಿ ಎರಡು ವಾರಕ್ಕೆ ದಿಢೀರ್ ಅಂತ ಮಾಯ ಆದ್ರೆ ಮೊದಲು ಇದನ್ನೇ ನೋಡಿ. ಎಕ್ಸ್‌ಪೈರಿ ಲೆಕ್ಕಾನೂ ಅವರಿಗೆ ಬಾಯಲ್ಲಿ ಹೇಳಿಡಿ: ಡಾಟ್ ಕಾಮ್ ಮುಗಿದ್ಮೇಲೆ ರಿಜಿಸ್ಟ್ರಾರ್ ಪ್ರಕಾರ ಹೆಚ್ಚಂದ್ರೆ 45 ದಿನ ಮಾಮೂಲಿ ರೇಟಲ್ಲಿ ರಿನ್ಯೂ ಮಾಡೋ ಅವಕಾಶ ಇರ್ಬಹುದು, ಅದಾದ್ಮೇಲೆ 30 ದಿನ ರಿಡೆಂಪ್ಶನ್, ಅದರಲ್ಲಿ ವಾಪಸ್ ತಗೊಳ್ಳೋಕೆ ದಂಡ ಜೋರಾಗೇ ಇರತ್ತೆ, ಆಮೇಲೆ 5 ದಿನಕ್ಕೆ ಡಿಲೀಟ್, ಯಾರು ಬೇಕಾದ್ರೂ ತಗೋಬಹುದು.

ರೇಟಿನ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಹೆಚ್ಚಿನವರು "ಕಂಪನಿ ಪ್ಲಾನ್ ಇಷ್ಟು, ಮೇಲೆ ಐನೂರು" ಅಂತ ಹೇಳಿ ಕೂರ್ತಾರೆ. ಉದಾಹರಣೆಗೆ ರೀಸೆಲರ್ ಪ್ಲಾನ್ ತಿಂಗಳಿಗೆ 1,500 ಅಂತ ಇಟ್ಕೊಳ್ಳಿ, ವರ್ಷಕ್ಕೆ 18,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ 3,240, ಒಟ್ಟು 21,240. ಬ್ಯಾಕಪ್ ಇಡೋಕೆ ಬೇರೆ ಜಾಗಕ್ಕೆ ವರ್ಷಕ್ಕೆ 6,000 ಇಟ್ರೆ 27,240. ಕ್ಲೈಂಟಿಗೆ ವರ್ಷಕ್ಕೆ 4,500 ಹೇಳಿದ್ರೆ 6 ಜನ ಸೇರಿದ್ರೂ 27,000, ಇನ್ನೂ 240 ರೂಪಾಯಿ ನಿಮ್ಮ ಕೈಯಿಂದಾನೇ. ಏಳನೆಯವರಿಂದ ಲಾಭ ಶುರು. 25 ಜನ ಆದ್ರೆ 1,12,500 ಬರತ್ತೆ, ಖರ್ಚು ಕಳೆದು 85,260 ಉಳಿಯತ್ತೆ, ಕೇಳೋಕೆ ಚೆನ್ನಾಗಿದೆ. ಆದ್ರೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದು ಗಂಟೆ ಅಂದ್ರೂ ವರ್ಷಕ್ಕೆ 300 ಗಂಟೆ ಕೆಲಸ, ಅಂದ್ರೆ ಗಂಟೆಗೆ 284 ರೂಪಾಯಿ ಚಿಲ್ಲರೆ. ಇದಕ್ಕೇ ನಾನು ಹೇಳೋದು, ಬರೀ ಹೋಸ್ಟಿಂಗ್ ಅಂತ ಬಿಲ್ ಮಾಡ್ಬೇಡಿ, ಹೋಸ್ಟಿಂಗ್, ವರ್ಡ್‌ಪ್ರೆಸ್ ಅಪ್‌ಡೇಟ್, ಬ್ಯಾಕಪ್, ತಿಂಗಳಿಗೆ ಒಂದೆರಡು ಸಣ್ಣ ಬದಲಾವಣೆ ಎಲ್ಲ ಸೇರಿಸಿ ವಾರ್ಷಿಕ ನಿರ್ವಹಣೆ ಅಂತ 8ರಿಂದ 12 ಸಾವಿರ ಹೇಳಿ. ಡಿಸೆಂಬರ್ ಕೊನೇ ವಾರ ಒಂದು ಕಾಟೇಜಿನ ಒಂದೆರಡು ರಾತ್ರಿಯ ಬಾಡಿಗೆ ಅದು, ಹೋಂಸ್ಟೇಯವರಿಗೆ ಈ ಥರ ಹೇಳಿದ್ರೆ ಅರ್ಥ ಆಗತ್ತೆ. ಅದೇ ಒಂದು ಪುಟ್ಟ ಟೈಲರಿಂಗ್ ಅಂಗಡಿಗೆ ಈ ರೇಟ್ ಹೇಳೋದು ನ್ಯಾಯ ಅಲ್ಲ, ಅವರಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಸಾಕು ಅಂತ ನಿಜ ಹೇಳಿ ಕಳಿಸಿ.

ಐದಾರು ಕ್ಲೈಂಟ್ ಕೂಡ ಇನ್ನೂ ಇಲ್ಲ ಅಂದ್ರೆ ರೀಸೆಲರ್ ಪ್ಲಾನ್ ಈಗ್ಲೇ ಬೇಡ, ಕ್ಲೈಂಟಿನ ಹೆಸರಲ್ಲೇ ಶೇರ್ಡ್ ಹೋಸ್ಟಿಂಗ್ (ಒಂದು ಸರ್ವರನ್ನ ಹಲವರು ಹಂಚ್ಕೊಳ್ಳೋ ಮಾಮೂಲಿ ಪ್ಲಾನ್) ತೆಗೆಸಿ, ನಿರ್ವಹಣೆ ದುಡ್ಡು ಮಾತ್ರ ನೀವು ತಗೊಳ್ಳಿ.

ಜಿಎಸ್‌ಟಿ ಬಗ್ಗೆ: ಸರ್ವಿಸ್ ಕೊಡೋರಿಗೆ ನಮ್ಮ ರಾಜ್ಯದಲ್ಲಿ ಮಾಮೂಲಿಯಾಗಿ ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ರಿಜಿಸ್ಟ್ರೇಶನ್. ಅದಿಲ್ಲದೆ ಬಿಲ್ಲಲ್ಲಿ ಜಿಎಸ್‌ಟಿ ಅಂತ ವಸೂಲಿ ಮಾಡೋ ಹಾಗಿಲ್ಲ, ನೀವು ಕಂಪನಿಗೆ ಕಟ್ಟಿದ 18 ಪರ್ಸೆಂಟೂ ವಾಪಸ್ ಬರಲ್ಲ, ಮೇಲಿನ ಲೆಕ್ಕದಲ್ಲಿ ಅದನ್ನ ಖರ್ಚಿಗೇ ಹಾಕಿದ್ದು ಅದಕ್ಕೇ. ವಿದೇಶಿ ಹೋಸ್ಟ್ ಹತ್ರ ತಗೊಳ್ಳೋದಾದ್ರೆ ಮಾತ್ರ ನಿಮ್ಮ ಆಡಿಟರನ್ನ ಒಂದು ಮಾತು ಕೇಳಿ, ಹೊರಗಿಂದ ತರಿಸೋ ಸರ್ವಿಸ್‌ಗೆ ನಿಯಮ ಬೇರೆ.

ಇದರ ಜೊತೆ ಇನ್ನೊಂದು ಎಚ್ಚರ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡಿಂದ ತಾನಾಗೇ ಕಟ್ ಆಗೋ ಪೇಮೆಂಟ್ 15,000 ದಾಟಿದ್ರೆ ಪ್ರತಿಸಲ ಓಟಿಪಿ ಬೇಕು. ನಿಮ್ಮ ವರ್ಷದ ಬಿಲ್ಲು 21,240 ಇದ್ರೆ ಆಟೋ ರಿನ್ಯೂವಲ್ ಆನ್ ಇದೆ ಅಂತ ನೆಮ್ಮದಿಯಾಗಿ ಕೂತ್ರೆ ದುಡ್ಡು ಹೋಗದೇ ಇರ್ಬಹುದು, 25 ಜನರ ಸೈಟು ಒಂದೇ ಬೆಳಿಗ್ಗೆ ಬಂದ್ ಆಗ್ಬಹುದು. ಹದಿನೈದು ದಿನ ಮುಂಚೆ ಫೋನಲ್ಲಿ ರಿಮೈಂಡರ್ ಇಟ್ಟು ಕೈಯಾರೆ ಕಟ್ಟಿ.

ಕ್ಲೈಂಟಿಂದ ದುಡ್ಡು ಕೇಳೋ ತಿಂಗಳನ್ನೂ ಯೋಚನೆ ಮಾಡಿ ಇಡಿ. ಅರೇಬಿಕಾ ಕೊಯ್ಲು ನವೆಂಬರಿಂದ ಜನವರಿ, ರೋಬಸ್ಟಾ ಅದರ ಹಿಂದೆ, ಹಾಗಾಗಿ ಎಸ್ಟೇಟಿನವರ ಕೈಲಿ ದುಡ್ಡು ಓಡಾಡೋದು ಫೆಬ್ರವರಿ, ಮಾರ್ಚಲ್ಲಿ. ಹೋಂಸ್ಟೇಯವರಿಗೆ ಕ್ರಿಸ್‌ಮಸ್ ರಜೆ ಮುಗಿದ ಜನವರಿ, ಹಾಸನದ ಲಾಡ್ಜಿನವರಿಗೆ ದೀಪಾವಳಿ ಕಳೆದ್ಮೇಲೆ. ಸೈಟ್ ಶುರುವಾಗಿದ್ದು ಜುಲೈ ಅಂತ ಜುಲೈ ಮಳೇಲಿ ಫೋನ್ ಮಾಡಿದ್ರೆ "ಮುಂದಿನ ತಿಂಗಳು ನೋಡೋಣ" ಅಂತಾರೆ, ಅವರದ್ದೇನೂ ತಪ್ಪಿಲ್ಲ. ಮೊದಲ ವರ್ಷ ಎಂಟು ತಿಂಗಳಿಗೆ ಬಿಲ್ ಮಾಡಿ ರಿನ್ಯೂವಲನ್ನ ಮಾರ್ಚಿಗೆ ತಂದಿಟ್ರೆ ಇಬ್ಬರಿಗೂ ಅನುಕೂಲ.

ಇಮೇಲ್. ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ಬುಕಿಂಗ್ ಮೇಲ್ ಬರೋ ಯಾವ ಕ್ಲೈಂಟಿಗೂ ರೀಸೆಲರ್ ಸರ್ವರಲ್ಲಿ ಇಮೇಲ್ ಇಡ್ಬೇಡಿ. ಆ ಸರ್ವರ್ ಐಪಿ ನೂರಾರು ಜನ ಹಂಚ್ಕೊಂಡಿರೋದು, ಯಾರೋ ಒಬ್ಬ ಸ್ಪ್ಯಾಮ್ ಕಳಿಸಿದ್ರೆ ನಿಮ್ಮ ಕ್ಲೈಂಟಿನ ಬುಕಿಂಗ್ ಕನ್ಫರ್ಮೇಶನ್ ಗೆಸ್ಟಿನ ಸ್ಪ್ಯಾಮಿಗೆ ಹೋಗತ್ತೆ. ಝೋಹೋ ಮೇಲ್ ಅಥವಾ ಗೂಗಲ್ ವರ್ಕ್‌ಸ್ಪೇಸ್ ಕ್ಲೈಂಟಿನ ಹೆಸರಲ್ಲೇ ತೆಗೆಸಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಹಾಕಿ, ಮೇಲ್ ನಿಜವಾಗ್ಲೂ ಆ ಡೊಮೇನಿಂದಾನೇ ಬಂದಿದ್ದು ಅಂತ ತೋರಿಸೋಕೆ ಡೊಮೇನ್ ಸೆಟ್ಟಿಂಗಲ್ಲಿ ಹಾಕೋ ರೆಕಾರ್ಡ್ ಇವು, 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿ ಮಾಡಿವೆ. ಒಂದು ಡೊಮೇನಿಗೆ ಎಸ್‌ಪಿಎಫ್ ರೆಕಾರ್ಡ್ ಒಂದೇ ಇರ್ಬೇಕು, ಝೋಹೋದು ಒಂದು ಸರ್ವರ್‌ದು ಒಂದು ಅಂತ ಎರಡು ಹಾಕಿದ್ರೆ ಎರಡೂ ಕೆಲಸ ಮಾಡಲ್ಲ, ಒಂದೇ ಸಾಲಲ್ಲಿ ಸೇರಿಸಿ. ಸೈಟಿನ ಎನ್‌ಕ್ವೈರಿ ಫಾರಂ ಕೂಡ ಎಸ್‌ಎಂಟಿಪಿ ಮೂಲಕಾನೇ, ಅಂದ್ರೆ ಆ ಮೇಲ್ ಅಕೌಂಟಿಗೆ ಲಾಗಿನ್ ಆಗಿಯೇ, ಮೇಲ್ ಕಳಿಸೋ ಹಾಗೆ ಸೆಟ್ ಮಾಡಿ.

ಹಳೇ ಹೋಸ್ಟಿಂದ ಸೈಟ್ ತರೋವಾಗ ಹಿಂದಿನ ದಿನಾನೇ ಡಿಎನ್‌ಎಸ್‌ನ (ಡೊಮೇನ್ ಹೆಸರನ್ನ ಸರ್ವರ್ ಐಪಿಗೆ ಜೋಡಿಸೋ ವ್ಯವಸ್ಥೆ) ಟಿಟಿಎಲ್, ಅಂದ್ರೆ ಹಳೇ ಐಪಿಯನ್ನ ಎಷ್ಟು ಹೊತ್ತು ನೆನಪಿಟ್ಕೋಬೇಕು ಅನ್ನೋದನ್ನ, 300 ಸೆಕೆಂಡಿಗೆ ಇಳಿಸಿ, ಸಿಪ್ಯಾನೆಲಲ್ಲಿ ಅದು ಸಾಮಾನ್ಯವಾಗಿ 14400 ಇರತ್ತೆ, ಅಂದ್ರೆ ನಾಲ್ಕು ಗಂಟೆ. ಇರೋ ರೆಕಾರ್ಡ್‌ಗಳನ್ನೆಲ್ಲ, ಮುಖ್ಯವಾಗಿ ಮೇಲ್ ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ಎಂಎಕ್ಸ್, ಮೊದಲು ಬರೆದಿಟ್ಕೊಳ್ಳಿ, ನೇಮ್‌ಸರ್ವರ್ ಬದಲಾಯಿಸಿ ಎಂಎಕ್ಸ್ ಮರೆತ್ರೆ ಸೈಟ್ ಚೆನ್ನಾಗಿ ಕಾಣ್ತಿರತ್ತೆ, ಮೇಲ್ ಮಾತ್ರ ಸದ್ದಿಲ್ಲದೆ ನಿಂತಿರತ್ತೆ. ಸೈಟ್ ಕಾಪಿ ಆದ್ಮೇಲೆ ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲಲ್ಲಿ ಹೊಸ ಐಪಿ ಹಾಕಿ (ಆಗ ಹೊಸ ಸರ್ವರ್ ನಿಮಗೆ ಮಾತ್ರ ಕಾಣತ್ತೆ) ಪೂರ್ತಿ ಚೆಕ್ ಮಾಡಿ, ಆಮೇಲೆ ಡಿಎನ್‌ಎಸ್ ಮುಟ್ಟಿ. ಹಳೇ ಅಕೌಂಟ್ ಒಂದು ವಾರ ಹಾಗೇ ಇರ್ಲಿ. ಹೋಂಸ್ಟೇ ಸೈಟನ್ನ ಶುಕ್ರವಾರ, ಶನಿವಾರ ಮುಟ್ಟಲೇಬೇಡಿ, ಮಂಗಳವಾರ ರಾತ್ರಿ ಒಳ್ಳೇದು. ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ಕಳಸ ಕಡೆ ಕೂತು ಮನೆ ನೆಟ್ಟಿಂದ ಜಿಬಿಗಟ್ಟಲೆ ಡೌನ್‌ಲೋಡ್ ಮಾಡಿ ಮತ್ತೆ ಅಪ್‌ಲೋಡ್ ಮಾಡೋಕೆ ಹೋಗ್ಬೇಡಿ, ಕರೆಂಟ್ ಯಾವಾಗ ಹೋಗತ್ತೋ ಹೇಳೋಕಾಗಲ್ಲ, ಹೊಸ ಹೋಸ್ಟಿಗೆ ಹೇಳಿ ಸರ್ವರಿಂದ ಸರ್ವರಿಗೇ ಮಾಡಿಸಿ, ಸಿಪ್ಯಾನೆಲಿಂದ ಸಿಪ್ಯಾನೆಲಿಗೆ ಆದ್ರೆ ಸುಮಾರು ಕಂಪನಿಗಳು ಫ್ರೀಯಾಗೇ ಮಾಡಿಕೊಡ್ತವೆ.

ಕನ್ನಡ ಇರೋ ಸೈಟಾದ್ರೆ ಇನ್ನೊಂದು ವಿಷಯ ಇದೆ, ಇದನ್ನ ಬೇರೆ ಭಾಷೆ ಗೈಡ್‌ಗಳಲ್ಲಿ ಒತ್ತಿ ಹೇಳಿರಲ್ಲ. 2015ರಲ್ಲಿ ವರ್ಡ್‌ಪ್ರೆಸ್ 4.2 ಬಂದಾಗ ಡೇಟಾಬೇಸಲ್ಲಿ ಅಕ್ಷರ ಉಳಿಸೋ ಎನ್‌ಕೋಡಿಂಗ್ ಯುಟಿಎಫ್8ಎಂಬಿ4 ಆಯ್ತು, ಅದಕ್ಕಿಂತ ಹಳೇದು, ಅಥವಾ ಯಾರೋ ಕೈಯಲ್ಲಿ ಬರೆದ ಪಿಎಚ್‌ಪಿ ಸೈಟು ಆದ್ರೆ ಡೇಟಾಬೇಸ್ ಲ್ಯಾಟಿನ್1 (ಯುರೋಪಿನ ಭಾಷೆಗಳಿಗೆ ಮಾಡಿದ ಹಳೇ ಎನ್‌ಕೋಡಿಂಗ್) ಅಂತ ಇರೋ ಸಾಧ್ಯತೆ ಇದೆ. ಹಾಗೇ ಎಕ್ಸ್‌ಪೋರ್ಟ್ ಮಾಡಿ ಇಂಪೋರ್ಟ್ ಮಾಡಿದ್ರೆ ಇಡೀ ಸೈಟಿನ ಕನ್ನಡ ಪ್ರಶ್ನಾರ್ಥಕ ಚಿಹ್ನೆ ಆಗಿರತ್ತೆ, ಆ ಚಿಹ್ನೆಗಳಿಂದ ಮತ್ತೆ ಕನ್ನಡ ತೆಗೆಯೋಕಾಗಲ್ಲ. ಹಳೇ ಡೇಟಾಬೇಸ್ ಅಳಿಸೋ ಮುಂಚೆ ಪ್ರತಿ ಪೇಜೂ ಕಣ್ಣಾರೆ ನೋಡಿ, ದೇವಸ್ಥಾನದ ಸೇವಾ ಪಟ್ಟಿ, ಸ್ಕೂಲಿನ ಸುತ್ತೋಲೆ ಇಂಥವು ಹಳೇ ಪೇಜಲ್ಲಿ ಅಡಗಿರ್ತವೆ.

ಬ್ಯಾಕಪ್ ಕಂಪನಿ ತಗೊಳ್ಳತ್ತೆ ಅಂತ ನಂಬ್ಕೋಬೇಡಿ, ಅವರ ಕಂಡೀಷನ್ ಓದಿ ನೋಡಿ, ಗ್ಯಾರಂಟಿ ಇಲ್ಲ ಅಂತಾನೇ ಬರೆದಿರತ್ತೆ. ಬೇರೆ ಕಂಪನಿಯ ಸ್ಟೋರೇಜಿಗೆ ದಿನಾ ಒಂದು ಕಾಪಿ ಹೋಗ್ಬೇಕು, ಕನಿಷ್ಠ 30 ದಿನದ್ದು ಉಳೀಬೇಕು, ಯಾಕಂದ್ರೆ ಹ್ಯಾಕ್ ಆಗಿರೋದು ಗೊತ್ತಾಗೋಕೇ ಎಷ್ಟೋ ಸಲ ವಾರಗಟ್ಟಲೆ ಬೇಕಾಗತ್ತೆ. ಮೂರು ತಿಂಗಳಿಗೊಮ್ಮೆ ಯಾವುದಾದ್ರೂ ಒಂದು ಸೈಟನ್ನ ಸಬ್‌ಡೊಮೇನಲ್ಲಿ ರಿಸ್ಟೋರ್ ಮಾಡಿ ನೋಡಿ. ಎಸ್‌ಎಸ್‌ಎಲ್‌ಗೆ (ಸೈಟಿಗೆ ಎಚ್‌ಟಿಟಿಪಿಎಸ್ ಕೊಡೋ ಸರ್ಟಿಫಿಕೇಟ್) ದುಡ್ಡು ತಗೋಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಫ್ರೀ ಇದೆ, ತಾನಾಗೇ ರಿನ್ಯೂ ಆಗತ್ತೆ. ಕಳ್ಳ ಥೀಮ್, ಕ್ರ‍್ಯಾಕ್ ಮಾಡಿದ ಪ್ಲಗಿನ್ ನಿಮ್ಮ ಸರ್ವರಲ್ಲಿ ಒಂದೂ ಬೇಡ. ಹ್ಯಾಕ್ ಆಯ್ತು ಅಂದ್ರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ಗೆ 6 ಗಂಟೆಯೊಳಗೆ ತಿಳಿಸ್ಬೇಕು ಅಂತ 2022ರ ಏಪ್ರಿಲಿನ ಆದೇಶ ಇದೆ, ಅದನ್ನೂ ನೆನಪಲ್ಲಿಡಿ.

"ಸೈಟ್ ಓಪನ್ ಆಗ್ತಿಲ್ಲ" ಅಂತ ಫೋನ್ ಬರತ್ತೆ, ಬಂದೇ ಬರತ್ತೆ. ಗಾಬರಿಯಾಗಿ ಸರ್ವರ್ ಕೆದಕೋ ಮುಂಚೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ ಸರ್ ಅಂತ ಹೇಳಿ. ಡೇಟಾದಲ್ಲಿ ಬಂದು ವೈಫೈಲಿ ಬರ್ತಿಲ್ಲ ಅಂದ್ರೆ ಅವರ ಐಪಿಯನ್ನ ಸರ್ವರ್ ಫೈರ್‌ವಾಲ್ ಬ್ಲಾಕ್ ಮಾಡಿರೋ ಸಾಧ್ಯತೆ ಇದೆ. ಇದಕ್ಕೆ ಮಾಮೂಲಿ ಕಾರಣ ರಿಸೆಪ್ಷನ್ ಕಂಪ್ಯೂಟರಲ್ಲೋ ಮ್ಯಾನೇಜರ್ ಫೋನಲ್ಲೋ ಹಳೇ ಮೇಲ್ ಪಾಸ್‌ವರ್ಡ್ ಉಳಿದಿರೋದು, ಅದು ಐದು ನಿಮಿಷಕ್ಕೊಂದ್ಸಲ ತಪ್ಪು ಪಾಸ್‌ವರ್ಡ್ ಕೊಡ್ತಾ ಇರತ್ತೆ, ಸರ್ವರ್ ಇದ್ಯಾರೋ ನುಗ್ತಿದ್ದಾರೆ ಅಂತ ಇಡೀ ಹೋಂಸ್ಟೇ ವೈಫೈಯನ್ನೇ ತಡೆಯತ್ತೆ, ಅಲ್ಲಿರೋ ಗೆಸ್ಟಿಗೂ ಸೈಟ್ ಕಾಣಲ್ಲ. ಐಪಿ ಅನ್‌ಬ್ಲಾಕ್ ಮಾಡಿಸಿ ಸುಮ್ಮನಾದ್ರೆ ಮತ್ತೆ ಅದೇ ಆಗತ್ತೆ, ಆ ಹಳೇ ಪಾಸ್‌ವರ್ಡ್ ಇರೋ ಡಿವೈಸ್ ಹುಡುಕಿಸಿ. ಜೊತೆಗೆ ಒಂದು ಅಪ್‌ಟೈಮ್ ಮಾನಿಟರ್ ಹಾಕಿಡಿ, ಕ್ಲೈಂಟಿಗಿಂತ ಮುಂಚೆ ನಿಮಗೆ ಗೊತ್ತಾಗ್ಬೇಕು.

ಇದನ್ನೆಲ್ಲ ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದು ಸೈನ್ ಮಾಡಿಸ್ಕೊಳ್ಳಿ: ಏನೇನು ಸೇರಿದೆ, ಏನು ಸೇರಿಲ್ಲ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ಫೋನ್ ಮಾಡ್ಬಹುದು, ದುಡ್ಡು ಬರ್ದಿದ್ರೆ ಎಷ್ಟು ದಿನ ಕಾಯ್ತೀರ, ಅವರು ಬಿಟ್ಟುಹೋಗೋದಾದ್ರೆ ಏನು ಕೊಡ್ತೀರ. ಆ ಕೊನೇದನ್ನ ನೀವೇ ಮುಂದಾಗಿ ಬರೀರಿ. ಹೋಗ್ತೀನಿ ಅಂತ ಹೇಳಿ ಏಳು ದಿನದೊಳಗೆ ಸೈಟಿನ ಪೂರ್ತಿ ಬ್ಯಾಕಪ್ ಫೈಲ್, ಡಿಎನ್‌ಎಸ್ ರೆಕಾರ್ಡ್‌ಗಳ ಪಟ್ಟಿ, ವರ್ಡ್‌ಪ್ರೆಸ್ ಅಡ್ಮಿನ್ ಪಾಸ್‌ವರ್ಡ್, ಡೊಮೇನ್ ನಿಮ್ಮ ರಿಜಿಸ್ಟ್ರಾರ್ ಅಕೌಂಟಲ್ಲಿದ್ರೆ ಅದರ ಟ್ರಾನ್ಸ್‌ಫರ್ ಕೋಡ್ ಇಷ್ಟೂ ಕೊಡ್ತೀನಿ ಅಂತ. ನಿಮ್ಮ ದುಡ್ಡಲ್ಲಿ ತಗೊಂಡ ಪ್ಲಗಿನ್ ಲೈಸೆನ್ಸ್ ಯಾವುದು, ಅದು ಅವರ ಜೊತೆ ಹೋಗಲ್ಲ ಅನ್ನೋದನ್ನೂ ಅಲ್ಲೇ ಸೇರಿಸಿ. ಅವರ ಹೊಸ ಸೈಟ್ ಓಡೋಕೆ ಶುರುವಾಗಿ ಎರಡು ವಾರ ಆದ್ಮೇಲೆ ನಿಮ್ಮ ಕಡೆ ಅಕೌಂಟ್ ಅಳಿಸಿ, ಅಳಿಸೋ ಮುಂಚೆ ಒಂದು ಸಲ ಫೋನ್ ಮಾಡಿ ಕೇಳಿ.